ಯುದ್ಧದ ಕತೆ ಯಾರು ಹೇಳಬೇಕು?

ಹೋದ ತಿಂಗಳು ಮೇಷ್ಟ್ರು ನಮ್ಮನ್ನು ಬನಶಂಕರಿಯಿಂದ ಬಸ್ಸು ಹತ್ತಿಸಿ ಕೆ.ಆರ್. ಮಾರ್ಕೆಟ್ ಹತ್ತಿರದ ಕೋಟೆಗೆ ಕರೆದುಕೊಂಡು ಹೋಗಿದ್ದರು. ಅದರ ಗೋಡೆಯಲ್ಲಿ ಒಂದು ಇಂಗ್ಲಿಷ್ ಕಲ್ಲಿದೆ. 1791ರ ಮಾರ್ಚ್ 21ರಂದು ಬ್ರಿಟಿಷರು ಗೋಡೆ ಒಡೆದು ಇಲ್ಲಿಂದಲೇ ನುಗ್ಗಿದರು ಅಂತ ಅದರಲ್ಲಿ ಬರೆದಿದೆ. ಒಳಗಿದ್ದವರ ಬಗ್ಗೆ ಏನೂ ಇಲ್ಲ. ಟಿಪ್ಪು ಸುಲ್ತಾನರ ಕಿಲ್ಲೇದಾರ ಬಹದ್ದೂರ್ ಖಾನ್ ಅವತ್ತು ಹೋರಾಡುತ್ತಾ ಸತ್ತರು. ಅವರ ಜೊತೆ ಸತ್ತ ಸಿಪಾಯಿಗಳ ಹೆಸರು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

"ಸೋತವರನ್ನು ಯಾರೂ ಕೇಳಲಿಲ್ವಾ ಸಾರ್?" ಅಂದೆ. "ಆಗ ಕೇಳೋ ಕೋರ್ಟೇ ಇರಲಿಲ್ಲ" ಅಂದರು. ಆಮೇಲೆ ಅವರು ಹೇಳಿದ್ದನ್ನು, ಪುಸ್ತಕದಲ್ಲಿ ಓದಿದ್ದನ್ನು ಸೇರಿಸಿ ಬರೆದಿದ್ದೇನೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ 1945ರಲ್ಲಿ ಜರ್ಮನಿಯ ನ್ಯೂರೆಂಬರ್ಗ್ ಊರಲ್ಲಿ ಒಂದು ಕೋರ್ಟು ಕೂತಿತು. ಹಿಟ್ಲರನ ಕಡೆಯ 22 ದೊಡ್ಡವರ ವಿಚಾರಣೆ ನಡೆಯಿತು. ಅವರ ಕಡೆಯವರೇ ಬರೆದಿಟ್ಟ ಕಾಗದಗಳು ಸಾಕ್ಷಿಯಾದವು. ಸೆರೆ ಶಿಬಿರಗಳ ಫಿಲಂ ಅನ್ನು ಕೋರ್ಟಿನಲ್ಲೇ ತೋರಿಸಿದರು. 12 ಜನಕ್ಕೆ ಮರಣದಂಡನೆ ಆಯಿತು, 3 ಜನರನ್ನು ತಪ್ಪಿಲ್ಲ ಅಂತ ಬಿಟ್ಟರು. ಇದರಿಂದ ಜನಕ್ಕೆ ಒಂದು ವಿಷಯ ಅರ್ಥವಾಯಿತು. ಯುದ್ಧದ ಅನ್ಯಾಯ ಮಳೆ ಬಂದ ಹಾಗೆ ತಾನಾಗಿ ಬರೋದಿಲ್ಲ, ಯಾರೋ ಒಬ್ಬರು ಕೂತು ಆಜ್ಞೆ ಬರೆದಿರುತ್ತಾರೆ.

ಆದರೆ ಕೋರ್ಟೂ ಪೂರ್ತಿ ಕತೆ ಹೇಳೋದಿಲ್ಲ. 1946ರಲ್ಲಿ ಟೋಕಿಯೋದಲ್ಲಿ ಜಪಾನಿನವರ ವಿಚಾರಣೆಗೆ 11 ನ್ಯಾಯಾಧೀಶರು ಕೂತರು. ಅವರಲ್ಲಿ ನಮ್ಮ ದೇಶದ ರಾಧಾಬಿನೋದ್ ಪಾಲ್ ಒಬ್ಬರು, ಬಂಗಾಳದವರು. ಜಪಾನ್ ಸೈನ್ಯ ಕ್ರೂರವಾಗಿ ನಡೆದುಕೊಂಡಿದ್ದನ್ನು ಅವರು ಒಪ್ಪಿದರು. ಆದರೂ ಗೆದ್ದವರು ಸೋತವರಿಗೆ ಮಾತ್ರ ತೀರ್ಪು ಕೊಡೋದು ನ್ಯಾಯ ಅಲ್ಲ ಅಂದರು, ಅಣುಬಾಂಬಿನ ಮಾತನ್ನೂ ಎತ್ತಿದರು. ಅವರ ತೀರ್ಪನ್ನು ಕೋರ್ಟಿನಲ್ಲಿ ಗಟ್ಟಿಯಾಗಿ ಓದಲೇ ಇಲ್ಲ.

1995ರ ಜುಲೈನಲ್ಲಿ ಬೋಸ್ನಿಯಾದ ಸ್ರೆಬ್ರೆನಿಕಾ ಊರಲ್ಲಿ 8,000ಕ್ಕೂ ಹೆಚ್ಚು ಗಂಡಸರನ್ನೂ ಹುಡುಗರನ್ನೂ ಕೊಂದರು. ಹುಡುಗರು ಅಂದರೆ ನಮ್ಮ ಅಣ್ಣಂದಿರ ವಯಸ್ಸಿನವರು. ಹೇಗ್ ನಗರದ ಕೋರ್ಟು ಬದುಕಿ ಉಳಿದವರ ಮಾತು ಕೇಳಿ, 2001ರಲ್ಲಿ ಇದು ನರಮೇಧ ಅಂತ ತೀರ್ಪು ಕೊಟ್ಟಿತು. ಹಾಗೇನೂ ಆಗಿಲ್ಲ ಅನ್ನೋರು ಈಗಲೂ ಇದ್ದಾರೆ. ಆದರೆ ಸಾಕ್ಷಿ ಹೇಳಿದ್ದೆಲ್ಲ ದಾಖಲೆಯಾಗಿದೆ, ಅದನ್ನು ಅಳಿಸೋಕೆ ಆಗಲ್ಲ.

ನಮ್ಮೂರ ಅರಳಿಕಟ್ಟೆ ಪಂಚಾಯ್ತಿಯಲ್ಲೂ ಎರಡೂ ಕಡೆಯವರ ಮಾತು ಕೇಳ್ತಾರೆ. ಒಂದೇ ಕಡೆ ಕೇಳಿದರೆ ಊರವರು ಸುಮ್ಮನಿರ್ತಾರಾ? ಹಾಗೇ ಯುದ್ಧದ ಕತೆ ಯಾರೇ ಹೇಳಲಿ, ಕಲ್ಲಾಗಲಿ, ಟೀವಿಯಾಗಲಿ, ಕೋರ್ಟಾಗಲಿ, "ಇಲ್ಲಿ ಯಾರ ಮಾತು ಇಲ್ಲ?" ಅಂತ ನಾವು ಕೇಳಬೇಕು.

ಆ ಕೋಟೆ ಗೋಡೆಯ ಕಲ್ಲನ್ನು ಕೀಳೋದು ಬೇಡ. ಅದರ ಪಕ್ಕದಲ್ಲೇ ಒಳಗಿದ್ದವರದ್ದೂ ಒಂದು ಕಲ್ಲು ಇರಬೇಕಿತ್ತು, ಕನ್ನಡದಲ್ಲಿ.

— 7ನೇ ತರಗತಿ