ಸೆಲ್ ತಿಂದವರು ಯಾರು?

ನನ್ನ ಹೆಂಡತಿಗೆ ಸೊಂಟದ ಆಪರೇಷನ್ ಆದ ಮೇಲೆ ಮಂಚದ ಪಕ್ಕದ ಸ್ಟೂಲಿನ ಮೇಲೆ ವೈರ್‌ಲೆಸ್ ಕರೆಗಂಟೆಯ ಗುಂಡಿ ಇಟ್ಟಿದ್ದೆವು. ಗಂಟೆ ಹಜಾರದಲ್ಲಿ, ನನ್ನ ತಲೆದಿಂಬಿನ ಹತ್ತಿರ. ಒಂದು ರಾತ್ರಿ ಅವಳು ಎಷ್ಟು ಒತ್ತಿದರೂ ಅದು ಹೊಡೆದುಕೊಳ್ಳಲಿಲ್ಲ. ನಾನು ನೀರು ಕುಡಿಯಲು ಎದ್ದಾಗ ನೋಡಿದರೆ, ಪಾಪ, ಅರ್ಧ ಗಂಟೆಯಿಂದ ಕಾಯುತ್ತ ಕೂತಿದ್ದಳು.

ಗುಂಡಿಯೊಳಗಿನ ಬಿಲ್ಲೆ ಸೆಲ್ ಸತ್ತಿತ್ತು. ಹಾಕಿ ಮೂರೇ ತಿಂಗಳು! ಒತ್ತಿದಾಗ ಮಾತ್ರ ಕರೆಂಟು ಬೇಡುವ ಗುಂಡಿಗೆ ಒಂದು ಸೆಲ್ ವರ್ಷಗಟ್ಟಲೆ ಬರಬೇಕು. ಬ್ಯಾಂಕಿನಲ್ಲಿ ಹತ್ತು ಪೈಸೆ ತಾಳೆ ಬೀಳದಿದ್ದರೂ ರಾತ್ರಿಯವರೆಗೆ ಕೂತು ಹುಡುಕಿದವನು ನಾನು. ಇದನ್ನು ಬಿಡುತ್ತೇನೆಯೇ?

ಎಸ್ಸೆಸ್ಸೆಲ್ಸಿ ಓದುವ ಮೊಮ್ಮಗಳು ತನ್ನ ಹಳದಿ ಮಲ್ಟಿಮೀಟರ್ ತಂದಳು. ಆದರೆ ಹಿಂದೊಮ್ಮೆ ಅದನ್ನು ಕರೆಂಟಿನ ಸ್ಥಾನದಲ್ಲಿಟ್ಟು ನೇರವಾಗಿ ಬ್ಯಾಟರಿಗೆ ಮುಟ್ಟಿಸಿ ಫ್ಯೂಸ್ ಸುಟ್ಟುಕೊಂಡಿದ್ದಳು. ವೋಲ್ಟು ಮಾತ್ರ ಅಳೆಯುತ್ತಿತ್ತು.

"ಅಷ್ಟೇ ಸಾಕು ತಾತ, ಓಮ್‌ನ ನಿಯಮ ಇದೆಯಲ್ಲ" ಎಂದಳು. 1000 ಓಮ್‌ನ ರೆಸಿಸ್ಟರ್ ಒಂದನ್ನು ಹುಡುಕಿದಳು. ಕಂದು, ಕಪ್ಪು, ಕೆಂಪು ಪಟ್ಟಿಯದು. ಒಂದೆರಡು ರೂಪಾಯಿಯ ಮಾಲು. ಹೊಸ ಸೆಲ್ಲಿಗೂ ಅದರ ಮೇಲಿನ ತಗಡಿಗೂ ನಡುವೆ ಲಗ್ನಪತ್ರಿಕೆಯ ಚೂರು ಸಿಕ್ಕಿಸಿ, ಕರೆಂಟು ರೆಸಿಸ್ಟರಿನ ಮೂಲಕವೇ ಹೋಗುವಂತೆ ಮಾಡಿದೆವು. ಅದರ ಎರಡು ತುದಿಗೆ ಮೀಟರಿನ ಕಡ್ಡಿಗಳು. 1000 ಓಮ್‌ನಲ್ಲಿ ಒಂದು ಮಿಲಿವೋಲ್ಟ್ ಕಂಡರೆ ಹರಿಯುವ ಕರೆಂಟು ಒಂದು ಮೈಕ್ರೋಆಂಪಿಯರ್, ಅಂದರೆ ಆಂಪಿಯರಿನ ಹತ್ತು ಲಕ್ಷದಲ್ಲಿ ಒಂದು ಪಾಲು.

ಗುಂಡಿ ಒತ್ತದಿದ್ದರೂ ಮೀಟರು 100 ತೋರಿಸಿತು!

ಲೆಕ್ಕ ನನ್ನದು. ಆ ಸೆಲ್ಲಿನ ಠೇವಣಿ ಸುಮಾರು 220 ಮಿಲಿಆಂಪಿಯರ್-ಗಂಟೆ. ಗಂಟೆಗೆ 0.1 ಡೆಬಿಟ್ ಆದರೆ 2200 ಗಂಟೆ, ಅಂದರೆ 92 ದಿನ. ಮೂರು ತಿಂಗಳಿಗೆ ಸರಿಯಾಗಿ ತಾಳೆ ಬಿತ್ತು.

ಸೆಲ್ ತೆಗೆದು ಭೂತಗನ್ನಡಿ ಹಿಡಿದೆವು. ಗುಂಡಿಯ ಬುಡದಲ್ಲಿ ಕಂದು ಕಲೆ, ಅಂಟಂಟು. ಕಾಫಿ! ಚೆಲ್ಲಿ ಒಣಗಿದ ಸಕ್ಕರೆ ಕಾಫಿ ಗಾಳಿಯ ತೇವ ಹೀರಿ, ಸ್ವಿಚ್ಚಿನ ಎರಡು ತುದಿಗಳ ನಡುವೆ ಕಳ್ಳದಾರಿ ಮಾಡಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಚೆನ್ನಾಗಿ ಒಣಗಿಸಿ ಮತ್ತೆ ಅಳೆದರೆ 00.0.

"ಸೊನ್ನೆಯೇ?" ಎಂದೆ. ನನಗೆ ಸೊನ್ನೆಯ ಮೇಲೆ ನಂಬಿಕೆ ಕಡಿಮೆ. ಆಗ ಅವಳು ರೆಸಿಸ್ಟರನ್ನೇ ತೆಗೆದು, ಕರೆಂಟು ಮೀಟರಿನೊಳಗಿಂದಲೇ ಹರಿಯುವಂತೆ ಮಾಡಿದಳು. ವೋಲ್ಟಿನ ಸ್ಥಾನದಲ್ಲಿ ಅವಳ ಮೀಟರಿಗೇ ಹತ್ತು ಲಕ್ಷ ಓಮ್ ತಡೆ ಇದೆ; ಅದೇ ದೊಡ್ಡ ರೆಸಿಸ್ಟರ್ ಆಯಿತು. ಈಗ ಒಂದು ಮಿಲಿವೋಲ್ಟ್ ಅಂದರೆ ಒಂದು ನ್ಯಾನೋಆಂಪಿಯರ್, ಆಂಪಿಯರಿನ ನೂರು ಕೋಟಿಯಲ್ಲಿ ಒಂದು ಪಾಲು. ಮೀಟರು 40 ತೋರಿಸಿತು. ಆ ಸೋರಿಕೆಗೆ ಸೆಲ್ ಖಾಲಿಯಾಗಲು ಸುಮಾರು 628 ವರ್ಷ ಬೇಕು! ಅಷ್ಟರೊಳಗೆ ಸೆಲ್ ತಾನಾಗಿಯೇ ಮುದಿಯಾಗುತ್ತದೆ, ಬಿಡಿ.

ಮಕ್ಕಳೇ, ಇದೆಲ್ಲ ಸಣ್ಣ ಸೆಲ್ಲಿನ ಆಟ. ಗೋಡೆಯ ಪ್ಲಗ್ಗಿನ ಹತ್ತಿರ ಹೋಗಬೇಡಿ. ಬಿಲ್ಲೆ ಸೆಲ್ಲನ್ನು ಪುಟ್ಟ ತಮ್ಮ, ತಂಗಿಯರ ಕೈಗೆ ಸಿಗದಂತೆ ಇಡಿ. ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು.

ಅಂದು ರಾತ್ರಿ ಹತ್ತಕ್ಕೇ ಗಂಟೆ ಹೊಡೆದುಕೊಂಡಿತು. ಓಡಿದೆ. "ಏನಿಲ್ಲ, ಕೇಳಿಸುತ್ತದೋ ಇಲ್ಲವೋ ನೋಡಿದೆ" ಎಂದಳು. ಕಾಫಿ ಲೋಟಕ್ಕೆ ಈಗ ಬೇರೆ ಸ್ಟೂಲು.