ಗಾಣದ ಸುತ್ತಿನಿಂದ ಆಚೆಗೆ

ಎತ್ತಿನ ಗಾಣಗಳು ಈಗ ಅಪರೂಪ. ಕಂಡವರಿಗೆ ಅದರ ನಡೆ ನೆನಪಿರಬಹುದು. ಎತ್ತು ದಿನವಿಡೀ ನಡೆಯುತ್ತದೆ. ಸಂಜೆ ನೊಗ ಕಳಚಿದಾಗ ಹೊರಟಲ್ಲಿಯೇ ನಿಂತಿರುತ್ತದೆ. ಅದರ ಕಣ್ಣಿಗೆ ಬಟ್ಟೆ ಕಟ್ಟುವುದುಂಟು. ಮನುಷ್ಯನಿಗೆ ಹಾಗೆ ಯಾರೂ ಕಟ್ಟಬೇಕಾಗಿಲ್ಲ. ನಿತ್ಯದ ಅಭ್ಯಾಸವೇ ಆ ಕೆಲಸವನ್ನು ಸದ್ದಿಲ್ಲದೆ ಮಾಡಿ ಮುಗಿಸುತ್ತದೆ. ಪಾಠ ಹೇಳುವ ನಮ್ಮ ವೃತ್ತಿಯಲ್ಲಂತೂ ಈ ಅಪಾಯ ಹೆಚ್ಚು. ಒಂದೇ ಪದ್ಯವನ್ನು ವರ್ಷವರ್ಷವೂ ವಿವರಿಸುತ್ತ ಹೋದಂತೆ ಅರ್ಥವು ನಾಲಗೆಯ ತುದಿಯಲ್ಲಿ ಉಳಿಯುತ್ತದೆ; ಬೆರಗು ಮಾತ್ರ ಯಾವಾಗಲೋ ಎದ್ದು ಹೋಗಿರುತ್ತದೆ.

ನಿತ್ಯದ ಸುತ್ತಿನಿಂದ ಹೊರಬಿದ್ದವನಿಗೆ ಹೊಸ ನೋಟ ದೊರೆಯುವುದೆಂಬುದಕ್ಕೆ ನಮ್ಮ ಸಾಹಿತ್ಯದಲ್ಲಿಯೇ ಸಾಕ್ಷಿಗಳಿವೆ. ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದು ಬಯಲುಸೀಮೆಯ ಸವಣೂರಿನಲ್ಲಿ. 1936ರಲ್ಲಿ ಅವರು ಆಕ್ಸ್‌ಫರ್ಡಿಗೆ ಹೊರಟರು. ಕಡಲನ್ನು ಕಂಡ ಕವಿಗೆ ಹಳೆಯ ಛಂದಸ್ಸಿನ ಅಳತೆ ಸಾಲದಾಯಿತು. 1940ರಲ್ಲಿ ಹೊರಬಂದ 'ಸಮುದ್ರ ಗೀತೆಗಳು' ಕನ್ನಡದ ಮುಕ್ತಛಂದಕ್ಕೆ ಒಂದು ದಾರಿಯನ್ನು ತೆರೆಯಿತು. ಗೊರೂರು ರಾಮಸ್ವಾಮಿ ಅಯ್ಯಂಗಾರರದು ಬೇರೆಯೇ ಬಗೆ. 1904ರಲ್ಲಿ ಹುಟ್ಟಿ, ಹಳ್ಳಿಯ ಚಿತ್ರಗಳಿಂದ ಹೆಸರಾದ ಅವರು ಎಪ್ಪತ್ತು ದಾಟಿದ ಮೇಲೆ ಅಮೆರಿಕವನ್ನು ಕಂಡರು. 'ಅಮೆರಿಕಾದಲ್ಲಿ ಗೊರೂರು' ಕೃತಿಗೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಗ್ರಂಥದ ಹೆಸರನ್ನೇ ಗಮನಿಸಬೇಕು: ದೂರ ಹೋದಾಗಲೂ ಅವರು ಊರನ್ನು ಹಿಂದೆ ಬಿಟ್ಟು ಹೋಗಲಿಲ್ಲ.

ಆದರೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹೊಳಲ್ಕೆರೆ ತಾಲ್ಲೂಕಿನ ತಾಳ್ಯದಂಥ ಹೋಬಳಿಯ ರೈತನು ಎಲ್ಲಿಗೆ ಹೋಗಬೇಕು? ಹಸು ಕರೆಯುವವರಿಗೆ ರಜೆಯೆಂಬುದಿಲ್ಲ. ಮಳೆ ಬಿದ್ದ ದಿನ ಬಿತ್ತದೆ ಉಳಿದರೆ ವರ್ಷವೇ ಕೈಬಿಟ್ಟಂತೆ. ಹೊಸ ನೋಟವು ಹಣವೂ ಬಿಡುವೂ ಇದ್ದವರ ಸೊತ್ತಾದರೆ, ಅದನ್ನು ಹೊಗಳುವುದರಲ್ಲಿ ಅರ್ಥವಿಲ್ಲ.

ಪಕ್ಕದ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯು ಈ ಪ್ರಶ್ನೆಗೆ ಒಂದು ಉತ್ತರವನ್ನು ಕೊಟ್ಟಿದೆ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳ ಆಶ್ರಯದಲ್ಲಿ 1997ರಲ್ಲಿ ಆರಂಭವಾದ 'ಶಿವಸಂಚಾರ' ತಂಡವು ನಾಟಕಗಳನ್ನು ಸಿದ್ಧಗೊಳಿಸಿ ಊರೂರಿಗೆ ಒಯ್ಯುತ್ತದೆ. ಹೊರಗೆ ಹೋಗಲಾರದವನ ಬಾಗಿಲಿಗೆ ಹೊರಗೇ ನಡೆದು ಬರುತ್ತದೆ. ದಿನವೆಲ್ಲ ಅಡಕೆಯ ಧಾರಣೆಯನ್ನೂ ಕೊಳವೆಬಾವಿಯ ನೀರನ್ನೂ ಲೆಕ್ಕ ಹಾಕಿದ ಮನಸ್ಸು ಒಂದು ರಾತ್ರಿಯ ಮಟ್ಟಿಗೆ ಇನ್ನೊಬ್ಬನ ಸಂಕಟದೊಳಗೆ ಕುಳಿತು ಬರುತ್ತದೆ. ಬಸ್ಸಿನ ಚೀಟಿಯಿಲ್ಲದ ಪ್ರಯಾಣವೆಂದರೆ ಇದೇ.

ಇದಕ್ಕಿಂತಲೂ ಹತ್ತಿರದ ದಾರಿಯೊಂದಿದೆ. ಈ ಸೀಮೆಯ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳಿಗೆ ನಾನು ಪ್ರತಿವರ್ಷವೂ ಒಂದು ಪ್ರಬಂಧವನ್ನು ಕೊಡುತ್ತೇನೆ: ನಿಮ್ಮ ಮನೆಯ ಇನ್ನೊಬ್ಬರ ಕೆಲಸದಲ್ಲಿ, ಇಲ್ಲವೆ ಇನ್ನೊಬ್ಬರು ಕೂರುವ ಜಾಗದಲ್ಲಿ, ಒಂದು ಹೊತ್ತು ಇದ್ದು ಬರೆಯಿರಿ. ಒಬ್ಬ ಹುಡುಗನು ಅಡುಗೆಮನೆಯಲ್ಲಿ ನಿಂತು ಎಲ್ಲರಿಗೂ ಬಡಿಸಿದ. ತಾನು ಉಣ್ಣಲು ಕುಳಿತಾಗ ಮುದ್ದೆ ಆರಿಹೋಗಿತ್ತು. ಅವ್ವ ಬಿಸಿ ಮುದ್ದೆಯನ್ನು ಉಂಡದ್ದನ್ನು ತಾನು ಕಂಡೇ ಇಲ್ಲವೆಂದು ಆಗ ಹೊಳೆಯಿತಂತೆ. ಒಬ್ಬ ಹುಡುಗಿಯು ಅಜ್ಜಿಯನ್ನು ಜೊತೆಗೆ ಕರೆದುಕೊಂಡು ಗಂಡಸರು ಮಾತ್ರ ಕೂರುವ ಅರಳೀಕಟ್ಟೆಯ ಮೇಲೆ ಒಂದು ಮಧ್ಯಾಹ್ನ ಕುಳಿತಳು. ಅಲ್ಲಿಂದ ನೋಡಿದರೆ ಊರಿನ ಪ್ರತಿಯೊಂದು ಬಾಗಿಲೂ ಕಾಣುತ್ತದೆ ಎಂದು ಬರೆದಿದ್ದಳು. ಬಾಗಿಲಿನೊಳಗಿದ್ದವಳಿಗೆ ಅದು ತಿಳಿದಿರಲಿಲ್ಲ. ಅಜ್ಜಿಯೂ ಅರವತ್ತು ವರ್ಷದಲ್ಲಿ ಅದೇ ಮೊದಲು ಆ ಕಟ್ಟೆಯ ಮೇಲೆ ಕುಳಿತಿದ್ದರಂತೆ.

ಈ ಇಬ್ಬರೂ ಊರಿನ ಎಲ್ಲೆಯನ್ನು ದಾಟಲಿಲ್ಲ. ದಾಟಿದ್ದು ತಮ್ಮ ಪಾಲಿನ ಸ್ಥಾನವನ್ನು. ಕೇವಲ ದೂರ ಹೋದುದರಿಂದ ನೋಟ ಹೊಸದಾಗುವುದಿಲ್ಲ. ತನ್ನ ಅಭ್ಯಾಸಗಳನ್ನೆಲ್ಲ ಗಂಟುಕಟ್ಟಿ ಹೊತ್ತವನು ಕಾಶಿಗೆ ಹೋದರೂ ತನ್ನ ಜಗಲಿಯ ಮೇಲೆಯೇ ಇರುತ್ತಾನೆ. ಬಲ್ಲವನೆಂಬ ಬಿಗುಮಾನವನ್ನು ಬಿಟ್ಟು, ಬಾರದ ಕೆಲಸಕ್ಕೆ ಕೈಹಾಕಿದಾಗ ಮಾತ್ರ ಕಣ್ಣಿನ ಬಟ್ಟೆ ಸಡಿಲವಾಗುತ್ತದೆ.

ನಿತ್ಯದ ಕಟ್ಟಳೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅದಿಲ್ಲದೆ ಹೊಲ ಹಸನಾಗದು, ಶಾಲೆ ನಡೆಯದು. ಮರಳಿ ಬರಲು ಒಂದು ಮನೆಯಿದ್ದರೇ ಹೊರಗೆ ಹೋದುದಕ್ಕೂ ಬೆಲೆ. ಆ ಹುಡುಗನೂ ಮಾರನೆಯ ದಿನ ಎಂದಿನಂತೆ ಊಟಕ್ಕೆ ಕುಳಿತಿರಬಹುದು. ಆದರೆ ಎಲ್ಲರಿಗಿಂತ ಮೊದಲು ಕೈ ಚಾಚಿರಲಾರ ಎಂದು ನಾನು ನಂಬುತ್ತೇನೆ.