ಫೀಸು ಕಟ್ಟುವ ಮೊದಲು ನಾಲ್ಕು ಪ್ರಶ್ನೆ ಕೇಳಿ

ಎರಡನೇ ಸಲವೂ ಪ್ರಿಲಿಮ್ಸ್ ಕೈಕೊಟ್ಟ ಮೇಲೆ ನನಗೆ ನಿದ್ದೆ ಬರುವುದೇ ನಿಂತುಹೋಯಿತು. ಬೆಂಗಳೂರಿನ ವಿಜಯನಗರದ ಪಿ.ಜಿ. ರೂಮಿನಲ್ಲಿ ಪುಸ್ತಕ ತೆರೆದು ಕೂತರೆ ಗಂಟೆ ಕಳೆದರೂ ಅದೇ ಪುಟ. ಊರಿಂದ ಅಮ್ಮ ಫೋನ್ ಮಾಡಿದರೆ ಎತ್ತಲೂ ಭಯ. ಕೊನೆಗೆ ಸಾಗರದ ಕಡೆಯ ರೂಮ್‌ಮೇಟ್ ಗದರಿದಳು: 'ಜ್ವರ ಬಂದ್ರೆ ಡಾಕ್ಟರ್ ಹತ್ರ ಹೋಗ್ತೀಯಲ್ಲ, ಇದಕ್ಕೂ ಹೋಗು ಮಾರಾಯ್ತಿ.'

ಮೊಬೈಲ್‌ನಲ್ಲಿ ಹುಡುಕಿ ಹತ್ತಿರದ ಒಂದು ಖಾಸಗಿ ಕೌನ್ಸೆಲಿಂಗ್ ಸೆಂಟರ್‌ಗೆ ಹೋದೆ. ಗೋಡೆ ತುಂಬ ಸರ್ಟಿಫಿಕೇಟುಗಳು. ಹತ್ತು ಸೆಷನ್‌ಗೆ ಒಟ್ಟಿಗೇ ಕಟ್ಟಿದರೆ ರಿಯಾಯಿತಿ ಎಂದರು. ಡೇರಿ ಹಾಲಿನ ದುಡ್ಡು ಕೂಡಿಸಿ ಟೆಸ್ಟ್ ಸೀರೀಸ್‌ಗೆಂದು ಅಪ್ಪ ಕಳಿಸಿದ್ದ 9,000 ರೂಪಾಯಿ ಕೊಟ್ಟುಬಂದೆ. ಅಲ್ಲಿ ಮಾತಾಡುತ್ತಿದ್ದವರು ಅವರು, ಕೇಳುತ್ತಿದ್ದವಳು ನಾನು. ಮೂರನೇ ಸೆಷನ್‌ನಲ್ಲಿ 'ಮದುವೆ ಆದ್ರೆ ಎಲ್ಲ ಸರಿಹೋಗುತ್ತಮ್ಮ' ಎಂದಾಗ ಎದ್ದುಬಂದೆ. ಉಳಿದ ಹಣ ವಾಪಸ್ ಬರಲಿಲ್ಲ. ಆ ಸರ್ಟಿಫಿಕೇಟುಗಳೆಲ್ಲ ಎರಡು–ಮೂರು ದಿನದ ಕಾರ್ಯಾಗಾರದವು ಎಂದು ಆಮೇಲೆ ತಿಳಿಯಿತು.

ಪ್ರಶ್ನೆ ಕೇಳಿದರೆ ಅಧಿಕಪ್ರಸಂಗ ಆದೀತೆಂದು ನಾನು ಏನನ್ನೂ ಕೇಳಿರಲಿಲ್ಲ. ಅದೇ ನನ್ನ ತಪ್ಪು.

ಒಂದು ರಾತ್ರಿ ತಡೆಯಲಾಗದೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸೇವೆಯಿದು. ಉಚಿತ, 24 ಗಂಟೆಯೂ ಲಭ್ಯ, ಕನ್ನಡದಲ್ಲೇ ಮಾತಾಡಬಹುದು. ಯಾರು ಏನು ಎಂಬುದು ಅರ್ಥವಾದದ್ದು ಆಗಲೇ. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಆ ವಿಷಯದಲ್ಲೇ ಮುಂದೆ ಓದಿದವರು, ಮಾತ್ರೆ ಬರೆದುಕೊಡುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಮಾತಿನ ಮೂಲಕ ಚಿಕಿತ್ಸೆ ಕೊಡುತ್ತಾರೆ, ಮಾತ್ರೆ ಬರೆಯುವುದಿಲ್ಲ. ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ನೋಂದಣಿ ಇರಬೇಕು. ಇನ್ನು 'ಕೌನ್ಸೆಲರ್' ಎಂಬ ಬೋರ್ಡು. ಸೈಕಾಲಜಿಯಲ್ಲಿ ಎಂ.ಎಸ್ಸಿ. ಮಾಡಿ ಚೆನ್ನಾಗಿ ಪಳಗಿದವರೂ ಅದನ್ನು ಹಾಕಿಕೊಳ್ಳುತ್ತಾರೆ, ವಾರದ ಕೋರ್ಸ್ ಮಾಡಿದವರೂ ಹಾಕಿಕೊಳ್ಳುತ್ತಾರೆ. ಬೋರ್ಡು ನೋಡಿ ನಂಬುವ ಹಾಗಿಲ್ಲ.

ಎರಡನೇ ಸಲ ಹೋಗುವ ಮೊದಲು ಫೋನಿನಲ್ಲೇ ಎಲ್ಲ ಕೇಳಿದೆ. ಏನು ಓದಿದ್ದೀರಿ, ನೋಂದಣಿ ಸಂಖ್ಯೆ ಇದೆಯೇ? ಸೆಷನ್‌ಗೆ ಎಷ್ಟು, ಎಷ್ಟು ಹೊತ್ತು? ಬರಲಾಗದಿದ್ದರೆ ಹಣ ಹೋಗುತ್ತದೆಯೇ? ಕನ್ನಡದಲ್ಲಿ ಮಾತಾಡಬಹುದೇ? ನಾನು ಹೇಳಿದ್ದು ಮನೆಯವರಿಗೆ ಗೊತ್ತಾಗುತ್ತದೆಯೇ? ಅವರು ಒಂದಕ್ಕೂ ಬೇಸರಿಸಲಿಲ್ಲ. ಬೇಸರಿಸುವವರ ಬಳಿ ಹೋಗಬೇಕಾಗಿಯೂ ಇಲ್ಲ. ವಿದ್ಯಾರ್ಥಿಗಳಿಗೆ ಫೀಸು ಕಡಿಮೆ ಮಾಡುತ್ತೀರಾ ಎಂದದ್ದಕ್ಕೆ ಕಡಿಮೆ ಮಾಡಿದರು. ಕೇಳದಿದ್ದರೆ ಅದೂ ಸಿಗುತ್ತಿರಲಿಲ್ಲ.

ಗುಟ್ಟು ಕಾಯುವ ವಿಷಯವನ್ನು ಮೊದಲ ದಿನವೇ ಸ್ಪಷ್ಟಪಡಿಸಿಕೊಳ್ಳಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಪ್ರಕಾರ ಗೋಪ್ಯತೆ ನಿಮ್ಮ ಹಕ್ಕು. ಆದರೆ ನಿಮ್ಮ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯವಿದೆ ಎನಿಸಿದರೆ ಅವರು ಬೇರೆಯವರಿಗೆ ತಿಳಿಸಬೇಕಾಗಬಹುದು.

ಮೊದಲ ದಿನವೇ ಪವಾಡ ನಡೆಯುವುದಿಲ್ಲ. ಮನೆ, ಓದು, ನಿದ್ದೆ, ಊಟ ಎಂದು ಕೇಳುವುದರಲ್ಲೇ ಆ ಹೊತ್ತು ಮುಗಿಯುತ್ತದೆ. ಕೆಲವು ದಿನ ಮನಸ್ಸು ಇನ್ನಷ್ಟು ಭಾರವಾಗಿ ಹೊರಬರುತ್ತೀರಿ; ಅದನ್ನೂ ಅವರಿಗೆ ಹೇಳಿ. ಮೂರೇ ದಿನದಲ್ಲಿ ಗುಣಪಡಿಸುತ್ತೇನೆ ಎನ್ನುವವರಿಂದ ದೂರವಿರಿ. ನಾಲ್ಕೈದು ಸಲ ಹೋದರೂ ಹೊಂದಿಕೆಯಾಗದಿದ್ದರೆ ಬದಲಾಯಿಸಿ, ಅದರಲ್ಲಿ ತಪ್ಪೇನಿಲ್ಲ. ಖಾಸಗಿ ಫೀಸು ಎಟುಕದಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯಕೀಯ ವಿಭಾಗವಿದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಸಾಯುವ ಯೋಚನೆ ಬಂದರೆ ಮಾತ್ರ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಆ ಕ್ಷಣವೇ 14416ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ನಾನಿನ್ನೂ ಪರೀಕ್ಷೆ ಪಾಸಾಗಿಲ್ಲ. ಆದರೆ ನಿದ್ದೆ ಬರುತ್ತಿದೆ, ಅಮ್ಮನ ಫೋನ್ ಎತ್ತುತ್ತಿದ್ದೇನೆ. ಕಳೆದ ತಿಂಗಳು ಊರಿಗೆ ಹೋದಾಗ ಆ 9,000 ರೂಪಾಯಿಯ ಕತೆಯನ್ನು ಅಪ್ಪನಿಗೆ ಹೇಳಿಬಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅಪ್ಪ ಹಾಲಿನ ಕ್ಯಾನ್ ತೊಳೆಯುತ್ತಲೇ ಹೇಳಿದರು: 'ಹೋಗ್ಲಿ ಬಿಡವ್ವ. ಹಸು ತರಕ್ಕೆ ಹೋದ್ರೂ ಬಾಯಿ ತೆಗೆಸಿ ಹಲ್ಲು ನೋಡ್ತೀವಿ. ಇನ್ಮೇಲೆ ನೋಡಿ, ಕೇಳಿ ದುಡ್ಡು ಕೊಡು.'